ಪಕ್ಕದ ಮೇಜಿನ ಕನ್ನಡಿ

ಕಂಚಿನ ಕನ್ನಡಿಯ ಹಿಂಬದಿಯ ನಡುವಿನ ಗುಬುಟಿನ ಬುಡದಲ್ಲಿ, ಹಸಿರು ಕಿಲುಬಿನ ಮಧ್ಯೆ, ಸಾಸಿವೆ ಕಾಳಿನಷ್ಟು ಕೆಂಪು ಉಳಿದಿತ್ತು. ಮಣ್ಣು ತೆಗೆದವರ ಕುಂಚ ಅದನ್ನು ಬಿಟ್ಟು ಸುತ್ತಿಕೊಂಡು ಹೋಗಿತ್ತು. ಸುತ್ತಲಿನದೆಲ್ಲ ಹೋಗಿ ಕೆಂಪು ಮಾತ್ರ ಹಾಗೆಯೇ ಇತ್ತು. ಸತ್ತವರನ್ನು ಮಲಗಿಸುವ ಮುಂಚೆ ಮರದ ಪೆಟ್ಟಿಗೆಯೊಳಗೆ ಚೆಲ್ಲುತ್ತಿದ್ದ ಇಂಗಳೀಕದ ಪುಡಿ ಅದು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಅದನ್ನೇ ನೋಡುತ್ತ ನಿಂತೆ. ಮುಟ್ಟಲು ಯಾರೂ ಹೇಳಿರಲಿಲ್ಲ.

ಕ್ಯೋಟೋದ ಒಂದು ವಿಶ್ವವಿದ್ಯಾಲಯದ ಪುರಾತತ್ವ ವಿಭಾಗದಲ್ಲಿ ಅದು ನನ್ನ ಡಾಕ್ಟರೇಟ್ ಅಧ್ಯಯನದ ನಾಲ್ಕನೆಯ ವರ್ಷ. ಆ ವರ್ಷ ಮರದೆಲೆಗಳು ಕೆಂಪಾಗುವ ಹೊತ್ತಿಗೆ, ಗದ್ದೆಗಳ ನಡುವಿನ ಒಂದು ಸಮಾಧಿ ದಿಬ್ಬದಿಂದ ಎರಡು ಕಂಚಿನ ಕನ್ನಡಿಗಳು ನಮ್ಮಲ್ಲಿಗೆ ಬಂದವು. ಒಂದು ಊಟದ ತಟ್ಟೆಯಷ್ಟು ದೊಡ್ಡದು, ಇನ್ನೊಂದು ಅಂಗೈಯಷ್ಟು. ಎರಡೂ ಒಬ್ಬರದೇ ಪೆಟ್ಟಿಗೆಯಲ್ಲಿ, ತಲೆ ಇದ್ದಿರಬೇಕಾದ ಕಡೆ ಸಿಕ್ಕಿದ್ದವು. ಆ ಒಬ್ಬರು ಗಂಡೋ ಹೆಣ್ಣೋ ತಿಳಿಯದು. ಅಲ್ಲಿನ ಹುಳಿ ಮಣ್ಣಿನಲ್ಲಿ ಮೂಳೆ ಉಳಿಯುವುದಿಲ್ಲ.

ಕನ್ನಡಿ ಎಂದರೆ ಮುಖ ನೋಡಿಕೊಳ್ಳುವ ವಸ್ತು ಎಂದುಕೊಂಡೇ ನಾನೂ ಜಪಾನಿಗೆ ಬಂದವಳು. ಇಲ್ಲಿ ಬಂದ ಮೇಲೆ ತಿಳಿಯಿತು, ಈ ಕನ್ನಡಿಗಳಲ್ಲಿ ನೋಡಬೇಕಾದದ್ದು ಹಿಂಬದಿ. ಅಲ್ಲಿ ದೇವತೆಗಳು ಕುಳಿತಿರುತ್ತಾರೆ, ಮೃಗಗಳು ಬಾಯ್ತೆರೆದಿರುತ್ತವೆ. ಜಪಾನಿನಲ್ಲಿ ರಾಜ್ಯ ಎಂಬುದು ಇನ್ನೂ ರೂಪುಗೊಳ್ಳುತ್ತಿದ್ದ ಆ ಕಾಲದಲ್ಲಿ ಪೂಜಿಸುವವರೂ ಆಳುವವರೂ ಒಬ್ಬರೇ. ಸೂರ್ಯನ ಬೆಳಕನ್ನು ಹಿಡಿದು ಜನರ ಕಡೆಗೆ ತಿರುಗಿಸಬಲ್ಲ ತಟ್ಟೆ ಯಾರ ಕೈಯಲ್ಲಿದೆಯೋ ಅವರ ಮಾತನ್ನು ದೇವರು ಕೇಳುತ್ತಾನೆ ಎಂದು ಜನ ನಂಬಿದ್ದಿರಬೇಕು. ನಾರಾದ ಬಯಲಿನಲ್ಲಿದ್ದ ಅರಸರು ಇಂಥ ಕನ್ನಡಿಗಳನ್ನು ದೂರದ ಸೀಮೆಗಳ ಮುಖಂಡರಿಗೆ ಹಂಚುತ್ತಿದ್ದರು ಎನ್ನುವುದು ನಮ್ಮ ಕ್ಷೇತ್ರದಲ್ಲಿ ಹೆಚ್ಚಿನವರು ಒಪ್ಪುವ ಮಾತು. ಸೈನ್ಯ ಕಳಿಸುವುದಕ್ಕಿಂತ ಕನ್ನಡಿ ಕಳಿಸುವುದು ಸುಲಭ. ಪಡೆದವರು ಅದನ್ನು ಮರೆಯಲಾರರು. ಪಡೆಯದವರಂತೂ ಮರೆಯುವುದೇ ಇಲ್ಲ. ನನ್ನ ಪ್ರಬಂಧದ ವಿಷಯ ಅದೇ: ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ.

ನಮ್ಮ ವಿಭಾಗದಲ್ಲಿ ಒಂದು ಪದ್ಧತಿ ಇತ್ತು. ಹೊಸ ವಸ್ತು ಬಂದಾಗ ಅದರ ಅಳತೆಯ ಚಿತ್ರ ಬರೆಯುವವರು ಯಾರು ಎಂದು ಸೆನ್ಸೇ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮ ಪ್ರಾಧ್ಯಾಪಕರನ್ನು ಎಲ್ಲರೂ ಕರೆಯುತ್ತಿದ್ದದ್ದು ಸೆನ್ಸೇ ಎಂದೇ. ಒಂದು ಬೆಳಿಗ್ಗೆ ಬಂದು ನೋಡಿದರೆ ಆ ವಸ್ತುವಿನ ಪೆಟ್ಟಿಗೆ ಯಾರದೋ ಮೇಜಿನ ಮೇಲೆ ಇರುತ್ತಿತ್ತು, ಅಷ್ಟೆ. ಯಾರ ಮೇಜಿನ ಮೇಲೆ ಪೆಟ್ಟಿಗೆಯೋ ಅವರು ಚಿತ್ರ ಬರೆಯುತ್ತಾರೆ. ಚಿತ್ರ ಬರೆದವರು ಉತ್ಖನನದ ವರದಿಯಲ್ಲಿ ಆ ಅಧ್ಯಾಯ ಬರೆಯುತ್ತಾರೆ. ಆಮೇಲೆ ಆ ವಸ್ತುವಿನ ಬಗ್ಗೆ ಯಾರು ಏನೇ ಬರೆದರೂ ಮೊದಲು ಅವರ ಹೆಸರು ಹೇಳಬೇಕು.

ನನ್ನ ಮೇಜಿಗೆ ಅಷ್ಟು ವರ್ಷ ಬಂದದ್ದು ಮಡಕೆಯ ಚೂರುಗಳು. ನಾನು ದೂರಲಿಲ್ಲ. ಬೇರೆಯವರು ಬರೆದ ಕನ್ನಡಿಗಳ ಚಿತ್ರಗಳನ್ನು ಇಟ್ಟುಕೊಂಡು ಪ್ರಬಂಧದ ಅಧ್ಯಾಯಗಳನ್ನು ಬರೆದೆ. ಕೊನೆಯ ಅಧ್ಯಾಯಕ್ಕೆ ಮಾತ್ರ, ನೆಲದಿಂದ ಆಗಷ್ಟೇ ಎದ್ದ, ನನ್ನ ಕೈಯಾರೆ ಅಳೆದ ಒಂದು ಕನ್ನಡಿ ಬೇಕಿತ್ತು. ದೊಡ್ಡ ಕನ್ನಡಿ ನನಗೆ ಬರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ನನ್ನ ಮೇಜಿನ ಎಡಬದಿಯನ್ನು ಖಾಲಿ ಮಾಡಿ ಇಟ್ಟಿದ್ದೆ.

ನನ್ನ ಪಕ್ಕದ ಮೇಜಿನವಳು ಏಪ್ರಿಲಿನಲ್ಲಿ ಬಂದವಳು. ಮೈಸೂರಿನವಳು, ನನಗಿಂತ ಐದು ವರ್ಷ ಚಿಕ್ಕವಳು, ಹೊಸದಾಗಿ ಮದುವೆಯಾದವಳು. ಗಂಡನನ್ನು ಅವನ ಕಂಪನಿ ತೋಕಿಯೋಗೆ ಕಳಿಸಿತ್ತು, ಅದರ ಪಕ್ಕದ ಇಚಿಕಾವಾದಲ್ಲಿ ಮನೆ. ಇವಳು ವಾರವೆಲ್ಲ ಕ್ಯೋಟೋದ ಹಾಸ್ಟೆಲಿನಲ್ಲಿದ್ದು ಶುಕ್ರವಾರ ಸಂಜೆ ಶಿಂಕಾನ್ಸೆನ್ ರೈಲು ಹತ್ತಿ ಹೋಗಿ ಸೋಮವಾರ ಬೆಳಿಗ್ಗೆ ವಾಪಸಾಗುತ್ತಿದ್ದಳು, ಕೈಯಲ್ಲಿ ಪುಳಿಯೋಗರೆಯದೋ ಚಟ್ನಿಪುಡಿಯದೋ ಡಬ್ಬಿ ಹಿಡಿದು. ಮೊದಲ ದಿನವೇ ನನ್ನನ್ನು ಅಕ್ಕ ಎಂದಳು.

“ಅಕ್ಕ ಅಂತ ಕರೀಬಹುದಾ? ಇಲ್ಲಿ ಹೆಸರಿಗೆ ಸಾನ್ ಸೇರಿಸ್ಬೇಕಂತೆ. ನಮ್ಮವರಿಗೇ ಸಾನ್ ಅಂದ್ರೆ ಯಾಕೋ ಬ್ಯಾಂಕಲ್ಲಿ ಟೋಕನ್ ತಗೊಂಡು ನಿಂತ ಹಾಗಿರುತ್ತೆ.”

ಬೇಡ ಎನ್ನುವುದು ಹೇಗೆ? ಅಕ್ಕ ಎಂದು ಕರೆಸಿಕೊಂಡ ಮೇಲೆ ಕಲಿಸಬೇಕಾಯಿತು. ಮಡಕೆಯ ಹೊರಗೆರೆಯನ್ನು ಹಿಡಿಯುವ ಬಿದಿರು ಹಲ್ಲಿನ ಅಳತೆಪಟ್ಟಿಯನ್ನು ಒತ್ತುವುದು ಹೇಗೆ, ವಸ್ತುವನ್ನು ಕಂಬಳಿಯ ಮೇಲೆ ಎರಡು ಕೈಯಲ್ಲಿ ಹೊರಳಿಸುವುದು ಹೇಗೆ, ಪೆನ್ಸಿಲಿನ ಮೊನೆಯನ್ನು ಎಷ್ಟು ಸಣ್ಣಗೆ ಇಟ್ಟುಕೊಳ್ಳಬೇಕು, ಎಲ್ಲ ನಾನೇ ತೋರಿಸಿಕೊಟ್ಟೆ. ಪುರಾತನ ಅರಸರು ದೂರದ ಮುಖಂಡನನ್ನು ತಮ್ಮ ಎಂದು ಕರೆಯುತ್ತಿದ್ದ ನಾಡುಗಳ ಬಗ್ಗೆ ನಾನು ಓದಿದ್ದೆ. ಕರೆದದ್ದರಿಂದ ತಮ್ಮನಾದವನಿಗೆ ಏನಾಯಿತು ಎಂದು ಎಲ್ಲರೂ ಬರೆದಿದ್ದಾರೆ. ಅಣ್ಣನಾದವನ ಕಷ್ಟ ಯಾರೂ ಬರೆದಂತಿಲ್ಲ.

ಅವಳ ಜಪಾನೀಸ್ ಕೆಟ್ಟದಾಗಿತ್ತು, ಆದರೆ ಅವಳು ಬಾಯಿ ಮುಚ್ಚುತ್ತಿರಲಿಲ್ಲ. ನಾನು ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಜೋಡಿಸಿ, ಗೌರವದ ರೂಪ ಸರಿಯಿದೆಯೇ ಎಂದು ನೋಡಿ, ಆಮೇಲೆ ಮಾತಾಡುವವಳು. ಅಷ್ಟರಲ್ಲಿ ಅವಳು ಕ್ಷಮಿಸಿ ಎನ್ನುವ ಒಂದು ಸುಮಿಮಾಸೆನ್ ಎಸೆದು, ಎರಡು ಕ್ರಿಯಾಪದಗಳನ್ನು ಕೈಸನ್ನೆಯಲ್ಲೇ ಮುಗಿಸಿ, ನಕ್ಕು, ಬೇಕಾದದ್ದನ್ನು ತೆಗೆದುಕೊಂಡು ಬಂದಿರುತ್ತಿದ್ದಳು. ಎಲ್ಲರೂ ಅವಳೊಡನೆ ನಗುತ್ತಿದ್ದರು. ನನ್ನ ಜಪಾನೀಸನ್ನು ಎಲ್ಲರೂ ಹೊಗಳುತ್ತಿದ್ದರು. ಹೊಗಳಿಕೆ ಮುಗಿದ ಮೇಲೆ ಮಾತೂ ಮುಗಿಯುತ್ತಿತ್ತು.

ಒಮ್ಮೆ ಸೆನ್ಸೇ ಯಾವುದೋ ಊರಿಂದ ಬಂದವರು ಎಲ್ಲರ ಮೇಜಿನ ಮೇಲೂ ಒಂದೊಂದು ಕೆಂಪು ಕಾಳಿನ ಸಿಹಿ ಇಟ್ಟಿದ್ದರು. ಅವಳ ಮೇಜಿನ ಮೇಲೆ ಎರಡಿತ್ತು. ಅಂದು ರಜೆಯಲ್ಲಿದ್ದವರದ್ದು ಅಲ್ಲಿ ಉಳಿದಿರಬಹುದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಧ್ಯಾಹ್ನದವರೆಗೆ ಆ ಎರಡನೆಯ ಸಿಹಿಯನ್ನೇ ನೋಡುತ್ತ ಕೂತಿದ್ದೆ.

ಕನ್ನಡಿಗಳು ಬಂದ ವಾರ ಒಂದು ತೊಡಕು ಎದ್ದಿತು. ವಸ್ತುಗಳ ಕೋಣೆಗೆ ಹೋಗುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು: ಗಡಿಯಾರ, ಉಂಗುರ, ಸರ, ಬಳೆ. ಬಗ್ಗಿದಾಗ ತಾಗಿದರೆ ಕಿಲುಬಿನ ಪದರ ಎದ್ದುಹೋಗುತ್ತದೆ. ನಾನು ಬಂದ ತಿಂಗಳಲ್ಲೇ ಬಳೆ ಹಾಕುವುದನ್ನು ಪೂರ್ತಿ ಬಿಟ್ಟಿದ್ದೆ. ಬೋಳು ಕೈ ನೋಡಿ ಅಮ್ಮ ವಿಡಿಯೋ ಕಾಲಿನಲ್ಲಿ ಎಷ್ಟು ಗೊಣಗಿದರೂ ಬದಲಾಗಲಿಲ್ಲ. ಮಡಕೆಯ ಚೂರುಗಳನ್ನು ಹೊರಗಿನ ಮೇಜಿನಲ್ಲೇ ಬರೆಯುತ್ತಿದ್ದ ಅವಳಿಗೆ ಆವರೆಗೆ ಆ ಪ್ರಶ್ನೆ ಬಂದಿರಲಿಲ್ಲ. ಈಗ ಬಂತು.

“ಸರ ತೆಗೀಬೇಕು,” ಎಂದೆ.

ಅವಳು ಕತ್ತಿಗೆ ಕೈ ಹಾಕಿ ನೋಡಿದಳು. “ತಾಳೀನಾ?”

“ಲೋಹ ಅಲ್ವಾ?”

“ಅಕ್ಕ, ಸ್ನಾನಕ್ಕೂ ತೆಗಿಯಲ್ಲ ನಾನು. ತೆಗಿಯೋದು ಹೆಂಗೆ ಅಂತಾನೂ ಗೊತ್ತಿಲ್ಲ.”

“ಹಾಗಿದ್ರೆ ಒಳಗೆ ಬರೋ ಹಾಗಿಲ್ಲ. ರೂಲ್ಸು.”

“ಸೆನ್ಸೇ ಹತ್ರ ಕೇಳೋಣ್ವಾ? ನೀವು ಬನ್ನಿ ಅಕ್ಕ, ಇಷ್ಟೆಲ್ಲ ಹೇಳೋಕೆ ನನ್ ಜಪಾನೀಸ್ ಸಾಲಲ್ಲ.”

ಹೋದೆ. ಖುಷಿಯಿಂದಲೇ ಹೋದೆ. ಸೆನ್ಸೇ ನಿಯಮ ಸಡಿಲಿಸಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಅವರು ಚಹಾ ಬಗ್ಗಿಸುತ್ತ ಕೇಳಿಸಿಕೊಂಡರು. ಆಮೇಲೆ, “ಅದನ್ನು ಕೊಟ್ಟವರು ಯಾರು?” ಎಂದು ಕೇಳಿದರು.

ನಾನು ಅವಳನ್ನು ಕೇಳದೆಯೇ, “ಗಂಡ,” ಎಂದು ಉತ್ತರಿಸಿದೆ.

ಆ ಒಂದು ಪದ ಅವಳಿಗೆ ಅರ್ಥವಾಯಿತು. “ಇಲ್ಲ ಇಲ್ಲ,” ಎಂದು ಎರಡು ಬೆರಳು ಎತ್ತಿ ತನ್ನ ಮುರುಕು ಜಪಾನೀಸಿನಲ್ಲಿ ಹೇಳಿದಳು: “ಎರಡು. ಒಂದು ಅಮ್ಮನ ಮನೆ. ಒಂದು ಗಂಡನ ಮನೆ.” ಸರವನ್ನು ಅಂಗಿಯಿಂದ ಹೊರಗೆಳೆದು ಕರಿಮಣಿಯ ನಡುವಿನ ಎರಡು ಬೊಟ್ಟುಗಳನ್ನು ತೋರಿಸಿದಳು.

ಸೆನ್ಸೇ ಚಹಾದ ಪಾತ್ರೆಯನ್ನು ಕೆಳಗಿಟ್ಟರು. ಅವರು ಪಾತ್ರೆ ಕೆಳಗಿಡುವುದು ಅಪರೂಪ. “ಎರಡೂ ಮನೆಯವರು ಕೊಡುತ್ತಾರೆಯೇ? ಎರಡೂ ಒಂದೇ ತೆರನೇ? ತಾನೇ ಮಾಡಿಸಿಕೊಂಡು ಹಾಕಿಕೊಳ್ಳುವುದು ಉಂಟೇ?”

ನಾನು ಅನುವಾದಿಸಿದೆ. ಅವಳು ನಕ್ಕುಬಿಟ್ಟಳು. “ಅಯ್ಯೋ, ತಾಳೀನ ಯಾರಾದ್ರೂ ತಾವೇ ಮಾಡಿಸ್ಕೊಂಡು ಕಟ್ಕೋತಾರಾ? ಹಾಗೆ ಮಾಡ್ಕೊಂಡ್ರೆ ಊರೋರೆಲ್ಲ ನಗಲ್ವಾ? ಅದಕ್ಕೆ ಕಟ್ಟೋರು ಒಬ್ರು ಬೇಕು, ನೋಡೋರು ಒಂದಷ್ಟು ಜನ ಬೇಕು, ಊಟ ಬೇಕು, ವಾಲಗ ಬೇಕು!”

“ಇಲ್ಲ,” ಎಂದು ನಾನು ಸೆನ್ಸೇಗೆ ಹೇಳಿದೆ.

“ಅವರು ಅದಕ್ಕಿಂತ ಹೆಚ್ಚು ಹೇಳಿದಂತಿತ್ತು.”

“ಸಾರಾಂಶ ಅಷ್ಟೆ.”

ಅವರು ಡ್ರಾಯರಿನಿಂದ ಒಂದು ಹತ್ತಿಯ ಕೈವಸ್ತ್ರ ತೆಗೆದು ಅವಳಿಗೆ ಕೊಟ್ಟರು. ಸರವನ್ನು ಅಂಗಿಯೊಳಗೆ ಹಾಕಿ, ಮೇಲೆ ಇದನ್ನು ಸುತ್ತಿ ಗಂಟು ಹಾಕಿಕೊಂಡರೆ ಸಾಕು ಎಂದರು. ನಾನು ಬಿಟ್ಟ ಬಳೆಗಳ ಬಗ್ಗೆ ನನ್ನನ್ನು ಯಾರೂ ಎಂದೂ ಏನೂ ಕೇಳಿರಲಿಲ್ಲ. ಕೇಳುವಂತೆ ನಾನು ಹಾಕಿಕೊಂಡೇ ಬಂದಿರಲಿಲ್ಲ ಎನ್ನುವುದೂ ನಿಜ.

ಮುಂದಿನ ವಾರದ ಸೆಮಿನಾರಿನಲ್ಲಿ ಸೆನ್ಸೇ ಆ ಮಾತನ್ನು ಎತ್ತಿದರು. ಒಬ್ಬರ ತಲೆಯ ಬಳಿ ಎರಡು ಕನ್ನಡಿಗಳಿವೆ. ದೊಡ್ಡದು ಮೇಲಿನವರು ಕೊಟ್ಟದ್ದು ಎನ್ನೋಣ. ಆಗ ಚಿಕ್ಕದು ಯಾರು ಕೊಟ್ಟದ್ದು, ಅಥವಾ ಕೊಟ್ಟದ್ದೇ ಅಲ್ಲವೋ? ಮೈಮೇಲೆ ಇರುವ ಎರಡು ವಸ್ತುಗಳು ಎರಡು ಕಡೆಯಿಂದ ಬಂದಿರಬಹುದು ಎಂದು ನಾವು ಯೋಚಿಸಿದ್ದೇವೆಯೇ? ಆಮೇಲೆ, “ಇದು ಪುರಾವೆಯಲ್ಲ, ಪ್ರಶ್ನೆ ಮಾತ್ರ. ಪ್ರಶ್ನೆ ನನ್ನದಲ್ಲ,” ಎಂದು ತೆರೆದ ಅಂಗೈಯನ್ನು ಅವಳ ಕಡೆಗೆ ಚಾಚಿದರು. ಎಲ್ಲರೂ ತಿರುಗಿ ನೋಡಿದರು. ಕತ್ತಿಗೆ ಕೈವಸ್ತ್ರ ಸುತ್ತಿಕೊಂಡಿದ್ದ ಅವಳಿಗೆ ಪೂರ್ತಿ ಅರ್ಥವಾಗಿರಲಿಲ್ಲ. ಆದರೂ ಕೂತಲ್ಲೇ ಅರ್ಧ ಬಗ್ಗಿ ನಕ್ಕಳು.

ಉಡುಗೊರೆ, ಅಧಿಕಾರ, ಮೈಮೇಲೆ ಧರಿಸುವ ಪವಿತ್ರ ವಸ್ತು: ಇವುಗಳ ಬಗ್ಗೆ ನಾನು ಓದಿದ ಪುಸ್ತಕಗಳು ಮೇಜಿನ ಮೇಲೆ ಒಂದು ಗೋಡೆಯಷ್ಟಿದ್ದವು. ನನ್ನ ಅಮ್ಮನ ಕತ್ತಿನಲ್ಲೂ ಎರಡು ಬೊಟ್ಟುಗಳಿವೆ. ಅದು ನನಗೆ ಹೊಳೆಯಲಿಲ್ಲ. ಆ ತೆರೆದ ಅಂಗೈ ನನ್ನ ಕಡೆಗೆ ಒಮ್ಮೆಯೂ ಚಾಚಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ, ಸೈಕಲ್ ನಿಲ್ಲಿಸುತ್ತಿರುವಾಗ ಅವಳು ಕೇಳಿದಳು: “ಅಕ್ಕ, ದೊಡ್ಡ ಕನ್ನಡಿ ನೀವು ಬರೀತೀರಾ?”

“ಅದು ಸೆನ್ಸೇ ನಿರ್ಧಾರ,” ಎಂದೆ. ಬೇಕು ಎಂದು ಬಾಯಿಬಿಡುವುದು ಕೀಳು ಎನಿಸಿತ್ತು. ಅದೂ ಅವಳ ಮುಂದೆ.

ಒಂದು ಸೋಮವಾರ ಎಲ್ಲರಿಗಿಂತ ಮೊದಲು ಬಂದು ದೀಪ ಹಾಕಿದೆ. ಪೆಟ್ಟಿಗೆ ಅವಳ ಮೇಜಿನ ಮೇಲಿತ್ತು. ಅಗಲವಾದ ಮರದ ಪೆಟ್ಟಿಗೆ. ಒಳಗಿರುವುದು ಯಾವುದು ಎಂದು ತೆರೆದು ನೋಡಬೇಕಾಗಿರಲಿಲ್ಲ.

ನಮ್ಮ ಮೇಜುಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಪೆಟ್ಟಿಗೆ ನನ್ನ ಮೇಜಿನ ಅಂಚಿಗೆ ಹತ್ತಿರವಿತ್ತು. ಸೆನ್ಸೇಗೆ ವಯಸ್ಸಾಗಿದೆ, ಬೆಳಗಿನ ಮಬ್ಬಿನಲ್ಲಿ ಒಂದು ಮೇಜು ಆಚೆ ಇಟ್ಟಿರಬಹುದು. ನನ್ನ ಮೇಜಿನ ಎಡಬದಿ ಖಾಲಿ ಇದೆ, ಅದೇ ಎಂದು ತಿಳಿದು ಅದರ ಪಕ್ಕಕ್ಕೆ ಇಟ್ಟಿರಬಹುದು. ಕೋಟೂ ತೆಗೆಯದೆ ನಿಂತು ಇಂಥದ್ದೆಲ್ಲ ಲೆಕ್ಕ ಹಾಕಿದೆ. ಕೈ ಹಾಕಿ ತುಸು ಸರಿಸಿದರೆ ಸಾಕಿತ್ತು. ಸರಿಸಲಿಲ್ಲ. ಅಳತೆ ತಪ್ಪುವವರಲ್ಲ ಅವರು.

ಅವಳು ನಿಲ್ದಾಣದಿಂದ ನೇರ ಬಂದಳು, ಬೆನ್ನಿಗೆ ಚೀಲ, ಕೈಯಲ್ಲಿ ಡಬ್ಬಿ. “ಅಯ್ಯೋ, ಇಷ್ಟು ಬೇಗ ಕೊಟ್ಬಿಟ್ರಾ!” ಎಂದಳು. ಆಶ್ಚರ್ಯ ಬೇಗ ಬಂದದ್ದರ ಬಗ್ಗೆ ಮಾತ್ರ ಇತ್ತು. ಆಗ ನಾನು ಅದನ್ನು ಗಮನಿಸಲಿಲ್ಲ. “ಒಳ್ಳೇದಾಯ್ತು,” ಎಂದೆ. ಆಗ ಕೋಟು ತೆಗೆದು ಕುರ್ಚಿಗೆ ಹಾಕಿದೆ.

ಮುಂದಿನ ದಿನಗಳು ಕೆಟ್ಟವು. ಆ ಕನ್ನಡಿಯನ್ನು ನಾನು ದಿನವಿಡೀ ಒಂದು ಮೊಳ ದೂರದಿಂದ ನೋಡುತ್ತಿದ್ದೆ. ಆರು ದೇವತೆಗಳು, ನಡುನಡುವೆ ಮೃಗಗಳು, ಪ್ರತಿ ಮೃಗದ ಬಾಯಲ್ಲೂ ಅಡ್ಡಲಾಗಿ ಕಚ್ಚಿದ ಒಂದು ಸಲಾಕೆ. ಅವಳಿಗೆ ಅದಾವುದೂ ಗೊತ್ತಿರಲಿಲ್ಲ, ಆದ್ದರಿಂದ ಎಲ್ಲವನ್ನೂ ಕೇಳುತ್ತಿದ್ದಳು.

“ಅಕ್ಕ, ಈ ಹುಲಿ ಬಾಯಲ್ಲಿರೋದು ಏನು?”

“ಹುಲಿ ಅಲ್ಲ.”

“ಮತ್ತೆ?”

“ಮೃಗ. ಮೃಗ ಅಂತಷ್ಟೇ ಬರೀಬೇಕು.”

“ಪಾಪ, ಸಾವಿರಾರು ವರ್ಷದಿಂದ ಬಾಯಲ್ಲಿ ಕೋಲು ಇಟ್ಕೊಂಡಿದೆ. ಅದಕ್ಕೊಂದು ಹೆಸರಾದ್ರೂ ಬೇಡ್ವಾ?”

ಉತ್ತರ ಹೇಳುತ್ತಿದ್ದೆ. ಸರಿಯಾದ ಉತ್ತರವನ್ನೇ ಹೇಳುತ್ತಿದ್ದೆ, ಎಷ್ಟು ಚಿಕ್ಕದಾಗಿ ಹೇಳಲು ಸಾಧ್ಯವೋ ಅಷ್ಟು ಚಿಕ್ಕದಾಗಿ. ಅವಳ ಗೆರೆ ದಪ್ಪವಾಗಿತ್ತು. ಅಳಿಸಿ ಅಳಿಸಿ ಹಾಳೆ ಬಟ್ಟೆಯಂತಾಗಿತ್ತು. ಅದನ್ನು ನೋಡಿದಾಗ ಒಳಗೊಳಗೇ ಖುಷಿಯಾಗುತ್ತಿತ್ತು. ಅಷ್ಟರಲ್ಲಿ ಸೆನ್ಸೇ ಬಂದು, ಅವಳ ಹಾಳೆಯ ಮೇಲೆ ಬಗ್ಗಿ, ಕೆಂಪು ಪೆನ್ಸಿಲಿನಿಂದ ತಿದ್ದುತ್ತ ಬಹಳ ಹೊತ್ತು ನಿಂತುಬಿಡುತ್ತಿದ್ದರು. ನನ್ನ ಚಿತ್ರಗಳ ಮೇಲೆ ಅವರ ಕೆಂಪು ಗೆರೆ ಬಿದ್ದದ್ದು ಬಹಳ ಕಡಿಮೆ. ಅಷ್ಟು ವರ್ಷ ಅದನ್ನು ನಾನು ಹೆಮ್ಮೆಯಿಂದ ಇಟ್ಟುಕೊಂಡಿದ್ದೆ. ಈಗ ನನ್ನ ಹಳೆಯ ಹಾಳೆಗಳನ್ನು ತೆಗೆದು ನೋಡಿದರೆ, ಅವುಗಳ ಮೇಲೆ ಯಾರೂ ಬಗ್ಗಿಯೇ ಇಲ್ಲವೇನೋ ಎನಿಸಿತು.

ಒಂದು ಮಧ್ಯಾಹ್ನ ನದಿಯ ದಂಡೆಯ ಮೇಲೆ ಊಟಕ್ಕೆ ಕೂತಿದ್ದೆವು. ಪ್ರವಾಸಿಗರಿಂದ ಬಸ್ಸುಗಳೆಲ್ಲ ತುಂಬಿ, ಕ್ಯಾಂಪಸ್ಸಿನ ಊಟದ ಮನೆಯಲ್ಲೂ ಜಾಗವಿರಲಿಲ್ಲ. ಅವಳು ಪುಳಿಯೋಗರೆಯ ಡಬ್ಬಿಯನ್ನು ನಡುವೆ ಇಟ್ಟಳು. ನಾನು ಕೊಂಬಿನಿ ಅಂಗಡಿಯಲ್ಲಿ ಕೊಂಡ ಅನ್ನದುಂಡೆಯ ಕಾಗದ ಬಿಚ್ಚಿದೆ.

“ಅಕ್ಕ, ನನ್ ಮೇಲೆ ಬೇಜಾರಾ?”

“ಇಲ್ಲ.”

“ನಿಜವಾಗ್ಲೂ?”

“ಇಲ್ಲ ಅಂದ್ನಲ್ಲ.”

“ನಮ್ಮತ್ತೇನೂ ಹಿಂಗೇ. ಎರಡು ಸಲ ಇಲ್ಲ ಅಂತಾರೆ, ಆಮೇಲೆ ವಾರ ಮಾತಾಡಲ್ಲ. ಮಾತಾಡಿದ್ರೂ ಫ್ರಿಜ್ ಹತ್ರ ಮಾತಾಡ್ತಾರೆ.” ಒಂದು ಕಡಲೆಬೀಜವನ್ನು ಆರಿಸಿ ಬಾಯಿಗೆ ಹಾಕಿಕೊಂಡಳು. “ಕನ್ನಡಿ ವಿಷಯಾನಾ?”

ನಾನು ನದಿಯ ಕಡೆ ನೋಡಿದೆ. ಕೇಳಬಾರದೆಂದಿದ್ದೆ, ಕೇಳಿದೆ. “ಅದು ನಿಂಗೆ ಹೇಗೆ ಬಂತು ಅಂತ ನಿಂಗೇನಾದ್ರೂ ಗೊತ್ತಾ?”

“ಕೇಳ್ದೆ.”

“ಏನು?”

“ಸೆನ್ಸೇ ರೂಮಿಗೆ ಹೋಗಿ ಕೇಳ್ದೆ. ದೊಡ್ಡ ಕನ್ನಡಿ ನಂಗೆ ಕೊಡ್ತೀರಾ, ಕಲೀಬೇಕು ಅಂತ. ಜಪಾನೀಸಲ್ಲಿ ಎಷ್ಟು ತಪ್ಪಿತ್ತೋ, ನಕ್ಬಿಟ್ರು. ಆಮೇಲೆ ಹಾಯ್ ಅಂದ್ರು. ಹಾಯ್ ಅಂದ್ರೆ ಹೂಂ ತಾನೇ?”

“ಇಲ್ಲಿ ಯಾರೂ ಹಾಗೆ ಕೇಳಲ್ಲ.”

“ಕೇಳಬಾರ್ದು ಅಂತ ಎಲ್ಲಾದ್ರೂ ಬರ್ದಿದೆಯಾ?”

“ಬರ್ದಿಲ್ಲ.”

“ಮತ್ತೆ ನಿಮಗೆ ಹೇಳಿದ್ಯಾರು?”

ಯಾರೂ ಹೇಳಿರಲಿಲ್ಲ. ಮಾತಾಡದ ವಸ್ತುಗಳನ್ನು ನೋಡಿ ಮನುಷ್ಯರ ಪದ್ಧತಿಯನ್ನು ಊಹಿಸುವುದು ನನ್ನ ಕೆಲಸ. ಪೆಟ್ಟಿಗೆಗಳನ್ನೂ ಮೇಜುಗಳನ್ನೂ ನೋಡಿ ನಾನೇ ಒಂದು ರಾಜ್ಯವನ್ನು ಕಟ್ಟಿಕೊಂಡಿದ್ದೆ. ಅದರಲ್ಲಿ ಅರಸನು ಎಲ್ಲವನ್ನೂ ಕಾಣುತ್ತಾನೆ, ಅರ್ಹರನ್ನು ಗುರುತಿಸುತ್ತಾನೆ, ಬೇಡುವವರು ಅಲ್ಪರು. ಹಿಂದಿನವರು ಕೇಳಿಯೇ ಪಡೆದಿದ್ದರೋ ಏನೋ! ಅವರು ಕೇಳಿದ್ದು ಬಾಗಿಲ ಹಿಂದೆ. ನನಗೆ ಕಂಡದ್ದು ಬೆಳಗಿನ ಪೆಟ್ಟಿಗೆ.

“ನಿಮ್ಮನ್ನ ಮೊದ್ಲು ಕೇಳಿದ್ನಲ್ಲ ಅಕ್ಕ,” ಎಂದಳು ಅವಳು. “ಸೈಕಲ್ ಸ್ಟ್ಯಾಂಡಲ್ಲಿ. ನೀವು ಸೆನ್ಸೇ ನಿರ್ಧಾರ ಅಂದ್ರಿ. ನಿಮಗೆ ಬೇಡ ಅಂದ್ಕೊಂಡೆ. ನಿಮ್ಮದು ಎಷ್ಟೊಂದು ಕೆಲಸ ಆಗೋಗಿದೆ, ಇದೇನು ಮಹಾ ಅಂತ.” ಡಬ್ಬಿಯನ್ನು ನನ್ನ ಕಡೆ ಸರಿಸಿ, “ಬೇಕಿತ್ತಾ?” ಎಂದಳು.

ನಾನು ಅನ್ನದುಂಡೆಯ ಕಾಗದವನ್ನು ಮಡಿಸತೊಡಗಿದೆ.

“ಅಯ್ಯೋ, ಬೇಕಿತ್ತು ಅಂತ ಹೇಳೋಕೇನಕ್ಕ! ನೀವೇ ತಗೊಳ್ಳಿ. ಇವತ್ತೇ ಹೇಳ್ತೀನಿ ಸೆನ್ಸೇಗೆ. ನನ್ ಹಾಳೆ ನೋಡಿದ್ರೆ ಅವರಿಗೂ ಸಮಾಧಾನ ಆಗುತ್ತೆ.”

ಅಷ್ಟು ದಿನದ ಹೊಟ್ಟೆಕಿಚ್ಚೆಲ್ಲ ಸೇರಿದರೂ ಆ ಒಂದು ಗಳಿಗೆಯಷ್ಟು ಸುಡಲಿಲ್ಲ. ನಾನು ಅಷ್ಟು ವರ್ಷ ಕಾದ ವಸ್ತುವನ್ನು ಅವಳು ಪುಳಿಯೋಗರೆಯ ಡಬ್ಬಿಯಂತೆ ನಡುವೆ ಇಟ್ಟು ತಗೊಳ್ಳಿ ಎನ್ನುತ್ತಿದ್ದಳು. ಕೊಟ್ಟುಬಿಡುವಷ್ಟು ಹಗುರವಾಗಿತ್ತು ಅವಳಿಗೆ. ತೆಗೆದುಕೊಂಡರೆ ಅದು ಸೆನ್ಸೇ ಕೊಟ್ಟದ್ದಾಗುತ್ತಿರಲಿಲ್ಲ, ಅವಳು ಕೊಟ್ಟದ್ದಾಗುತ್ತಿತ್ತು. ಜೀವಮಾನವಿಡೀ ಅವಳು ಅದನ್ನು ನೆನಪಿಸದೆ ಇದ್ದರೂ ನನಗೆ ನೆನಪಿರುತ್ತಿತ್ತು.

“ಬೇಡ,” ಎಂದೆ. “ಶುರು ಮಾಡಿದ್ದು ನೀನೇ ಮುಗಿಸು.”

“ಖಂಡಿತಾನಾ?”

“ಖಂಡಿತ.”

“ಎರಡು ಸಲ ಅಂದ್ರಿ,” ಎಂದು ಅವಳು ಅನುಮಾನದಿಂದ ನನ್ನ ಮುಖ ನೋಡಿದಳು.

ಮಧ್ಯಾಹ್ನ ಅವಳ ಪಕ್ಕ ಕೂರಲಾಗಲಿಲ್ಲ. ಯಾವುದೋ ನೆಪ ಹೇಳಿ ವಸ್ತುಗಳ ಕೋಣೆಗೆ ಹೋದೆ. ಚಿಕ್ಕ ಕನ್ನಡಿ ಅಲ್ಲಿ ಗಾಜಿನ ಮುಚ್ಚಳದ ತಟ್ಟೆಯಲ್ಲಿತ್ತು. ಇಂಥವನ್ನು ನಾವು ನಕಲು ಕನ್ನಡಿ ಎನ್ನುತ್ತೇವೆ: ಮೇಲಿನಿಂದ ಬಂದದ್ದನ್ನು ನೋಡಿ ಆಯಾ ಸೀಮೆಯಲ್ಲೇ ಎರಕ ಹೊಯ್ದದ್ದು. ಎರಕ ಒರಟು, ದೇವತೆಗಳ ಮುಖ ಮಸುಕು. ಅಂಚಿನಲ್ಲಿ ಅಕ್ಷರ ಇರಬೇಕಾದ ಕಡೆ ಅಕ್ಷರದಂತೆ ಕಾಣುವ ಗೀಚು; ಮಾಡಿದವನಿಗೆ ಓದು ಬರುತ್ತಿರಲಿಲ್ಲ. ನನ್ನ ಪ್ರಬಂಧದಲ್ಲಿ ಇಂಥ ಕನ್ನಡಿಗಳಿಗೆ ಒಂದು ಅಡಿಟಿಪ್ಪಣಿ ಕೊಟ್ಟಿದ್ದೆ.

ಬೇರೆ ಮಾಡುವುದೇನೂ ಇರಲಿಲ್ಲವಾದ್ದರಿಂದ ನೋಡುತ್ತ ಕೂತೆ. ಈ ಮನುಷ್ಯ, ಅಥವಾ ಈ ಹೆಂಗಸು, ಎಲ್ಲೋ ಒಂದು ಪೂಜೆಯಲ್ಲಿ ದೊಡ್ಡ ಕನ್ನಡಿಯೊಂದನ್ನು ಕಂಡಿರಬೇಕು. ಬಿಸಿಲಿಗೆ ಹಿಡಿದಾಗ ಜನರೆಲ್ಲ ತಲೆ ತಗ್ಗಿಸಿದ್ದನ್ನು ಕಂಡಿರಬೇಕು. ಮನೆಗೆ ಬಂದು ತನ್ನ ಕಂಚುಗಾರನನ್ನು ಕರೆಸಿ, ನೆನಪಿದ್ದಷ್ಟನ್ನು ಕೈಯಲ್ಲಿ ತೋರಿಸಿ, ಮಾಡು ಎಂದಿರಬೇಕು. ಮೃಗದ ಬಾಯಿ ಹೇಗಿತ್ತು? ಸರಿಯಾಗಿ ಕಾಣಲಿಲ್ಲ. ನಾನು ಮೃಗದ ಬಾಯಿಯನ್ನು ನೋಡಿದೆ. ಸಲಾಕೆ ಇರಲಿಲ್ಲ. ದೇವತೆಗಳನ್ನು ಎಣಿಸಿದೆ. ನಾಲ್ಕು.

ದೊಡ್ಡದರಲ್ಲಿ ಆರು. ನಾನು ವಾರಗಟ್ಟಲೆ ಪಕ್ಕದ ಮೇಜಿನಿಂದ ಅವುಗಳನ್ನೇ ನೋಡಿದ್ದೆ, ತಪ್ಪುವಂತಿರಲಿಲ್ಲ. ಇದನ್ನು ಮಾಡಿಸಿದವರು ತಮ್ಮದೇ ದೊಡ್ಡ ಕನ್ನಡಿಯನ್ನು ನೋಡಿ ಮಾಡಿಸಿಲ್ಲ. ಬೇರೆ ಯಾರದ್ದನ್ನೋ ನೋಡಿ ಮಾಡಿಸಿದ್ದಾರೆ. ಹಾಗಾದರೆ ಆಗ ತಮ್ಮದು ಇನ್ನೂ ಬಂದಿರಲಿಲ್ಲವೇ? ಅರಸರ ಕನ್ನಡಿ ಬರುವ ಮೊದಲೇ, ಯಾರೂ ಕೊಡದೆ, ತಾವೇ ಒಂದನ್ನು ಮಾಡಿಸಿಕೊಂಡು ತಮ್ಮ ಜನರ ಮುಂದೆ ನಿಂತಿದ್ದರೇ? ಎಲ್ಲರೂ ಇದನ್ನು ನಕಲು ಎಂದೆವು. ಯಾವುದರ ನಕಲು ಎಂದು ಯಾರೂ ಕೇಳಿರಲಿಲ್ಲ. ಪ್ರಶ್ನೆಗೆ ಉತ್ತರ ಬೇಕಾದರೆ ಇದನ್ನು ಕೈಗೆತ್ತಿಕೊಂಡು, ಸವೆತ ನೋಡಿ, ದಪ್ಪ ಅಳೆದು, ಗೆರೆ ಗೆರೆಯಾಗಿ ಬರೆಯಬೇಕಿತ್ತು.

ಸಂಜೆ ಸೈಕಲ್ ತುಳಿಯುತ್ತ ಹೋಗುವಾಗಲೂ ಹೊಟ್ಟೆಕಿಚ್ಚು ಆರಿರಲಿಲ್ಲ. ಈ ಯೋಚನೆಗೆ ಬೀಜ ಹಾಕಿದ್ದು ಕೂಡ ಅವಳ ಎರಡು ಬೆರಳು ಎನ್ನುವುದು ನೆನಪಾಗಿ ಇನ್ನಷ್ಟು ಉರಿಯಿತು. ಪಕ್ಕದವರ ಕನ್ನಡಿ ನೋಡಿ ಮನೆಗೆ ನಡೆದ ಆ ಮುಖಂಡನ ಮುಖ ಹೇಗಿದ್ದಿರಬಹುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಸೆನ್ಸೇ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಂತಿದ್ದೆ. ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿರಲಿಲ್ಲ. “ಚಿಕ್ಕ ಕನ್ನಡಿಯನ್ನು ನನಗೆ ಕೊಡಿ. ನಾನು ಬರೆಯಬೇಕು,” ಎಂದೆ. ಗೌರವದ ರೂಪ ಎಲ್ಲೋ ತಪ್ಪಿತ್ತು. ಹೇಳಿದ ಮೇಲೆ ಗೊತ್ತಾಯಿತು.

ಅವರು ನನ್ನನ್ನು ನೋಡಿದರು. “ಚಿಕ್ಕದೇ? ದೊಡ್ಡದು ನಿಮಗೆ ಬೇಡವಾಗಿತ್ತೇ?”

“ಬೇಕಿತ್ತು. ಕೇಳಲಿಲ್ಲ. ಈಗ ಚಿಕ್ಕದನ್ನು ಕೇಳುತ್ತಿದ್ದೇನೆ.” ಆರು ಮತ್ತು ನಾಲ್ಕರ ವಿಷಯ ಹೇಳಿದೆ. ಬಾಯಲ್ಲಿ ಸಲಾಕೆ ಇಲ್ಲದ್ದನ್ನೂ ಹೇಳಿದೆ.

ಅವರು ಎದ್ದು, ವಸ್ತುಗಳ ಕೋಣೆಯ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು. ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ತಂದು ನಾನೇ ನನ್ನ ಮೇಜಿನ ಮೇಲೆ ಇಟ್ಟೆ. ಅವಳು ಆಗಲೇ ಬಂದು ಕೂತಿದ್ದಳು, ಅಚ್ಚರಿಯಿಂದ ಬಗ್ಗಿ ನೋಡಿ, “ಅಕ್ಕ, ಇದು ಯಾರದ್ದು?” ಎಂದಳು.

“ನಂದು,” ಎಂದೆ. ನನ್ನ ಡಿವೈಡರ್ ಅವಳ ಹಾಳೆಯ ಮೇಲೆ ಬಿದ್ದಿತ್ತು. ಕೈ ಚಾಚಿ ವಾಪಸ್ ತೆಗೆದುಕೊಂಡು, ಕಂಬಳಿ ಹಾಸಿ, ಅಂಚಿನಿಂದ ಅಳೆಯಲು ಶುರು ಮಾಡಿದೆ.